‘ಕ್ನೈಫ್’ ಎಂದ ಹುಡುಗ

ಕನ್ನಡ ಶಾಲೆಯ ಹುಡುಗ ಇಂಗ್ಲಿಷ್ ಪಾಠದಲ್ಲಿ ‘ನೈಫ್’ ಪದವನ್ನು ‘ಕ್ನೈಫ್’ ಎಂದು ಓದಿದರೆ ತರಗತಿಯೆಲ್ಲ ನಗುತ್ತದೆ. ಹುಡುಗ ದಡ್ಡನಲ್ಲ; ಕನ್ನಡ ಕಾಗುಣಿತ ಕಲಿಸಿದ ನಿಯಮವನ್ನು ಪಾಲಿಸಿದ್ದಾನೆ, ಅಷ್ಟೆ. ಕನ್ನಡದಲ್ಲಿ ಬರೆದ ಅಕ್ಷರ ಬಹುಮಟ್ಟಿಗೆ ಬಾಯಿಗೂ ಬರಲೇಬೇಕು. ‘ರತ್ನ’ದ, ‘ಅಗ್ನಿ’ಯ ಒತ್ತಕ್ಷರವನ್ನು ನುಂಗುವಂತಿಲ್ಲ. ಆ ರೂಢಿಯನ್ನೇ ಕಣ್ಣು ಇಂಗ್ಲಿಷಿಗೂ ಒಯ್ಯುತ್ತದೆ.

ತಮಾಷೆಯೆಂದರೆ, ಆ ಮೊದಲ ‘ಕೆ’ಯನ್ನು ಹಿಂದೆ ಇಂಗ್ಲೆಂಡಿನವರೂ ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ. ಮುಂದೆ ಅಚ್ಚಿನಲ್ಲಿ ಸ್ಪೆಲಿಂಗು ಗಟ್ಟಿಯಾಗುತ್ತ ಬಂದರೂ ಮಾತು ಬದಲಾಗುತ್ತಲೇ ಹೋಯಿತು. ‘ಕೆ’ ನಾಲಿಗೆಯಿಂದ ಜಾರಿತು, ಕಾಗದದಲ್ಲಿ ಉಳಿಯಿತು. ‘ಐಲ್ಯಾಂಡ್’ನ ‘ಎಸ್’ ಅಂತೂ ಎಂದೂ ನಾಲಿಗೆಯ ಮೇಲಿರಲಿಲ್ಲ. ಲ್ಯಾಟಿನ್ ಮೋಹದಲ್ಲಿ ತುರುಕಿದ್ದು.

ಇಂಥ ಪದಗಳನ್ನು ಬರೀ ಅಕ್ಷರ ಕೂಡಿಸಿ ಓದಿದರೆ ಸಾಲದು, ಉಚ್ಚರಿಸದ ಅಕ್ಷರ ಯಾವುದೆಂದು ಗುರುತಿಟ್ಟುಕೊಳ್ಳಬೇಕು. ಅದನ್ನು ಮೊದಲೇ ಹೇಳದೆ ನಗುವ ತರಗತಿಯಲ್ಲಿ ಎಷ್ಟೋ ಮಕ್ಕಳು ಗಟ್ಟಿಯಾಗಿ ಓದುವುದನ್ನೇ ಬಿಡುತ್ತಾರೆ.