ಭೂಮಿಗೆ ಮೂರು ದಿನ ರಜೆ

ಮಾರ್ಚ್ ಮೊದಲ ವಾರ ಬಂತು ಅಂದ್ರೆ ಐಜ್ವಾಲ್‌ನಿಂದ ಒಂದು ದೃಶ್ಯ ಬರುತ್ತೆ, ನೀವೂ ನೋಡಿರ್ತೀರಿ. ನೆಲದ ಮೇಲೆ ಬಡಿಯುವ ಬಿದಿರ ಗಳಗಳು, ಅವುಗಳ ನಡುವೆ ಕಾಲು ಸಿಕ್ಕಿಸಿಕೊಳ್ಳದೆ ಕುಣಿಯುವ ಹುಡುಗಿಯರು. ಮಿಜೋರಾಂನ ವಸಂತದ ಹಬ್ಬ, ಚಾಪ್ಚಾರ್ ಕೂಟ್. 2010ರಲ್ಲಿ 10,736 ಜನ ಒಟ್ಟಿಗೆ ಕುಣಿದು ಗಿನ್ನೆಸ್ ದಾಖಲೆ ಬರೆದರು. ಅರ್ಧ ನಿಮಿಷ ತೋರಿಸಿ ನಾವು ಮುಂದಿನ ಸುದ್ದಿಗೆ ಹೋಗಿಬಿಡ್ತೀವಿ. ಆ ಹಬ್ಬ ಆಗಲೇ ಯಾಕೆ ಬರುತ್ತೆ ಅಂತ ಹೇಳೋದೇ ಇಲ್ಲ. ಗುಡ್ಡದ ಬಿದಿರುಕಾಡು ಕಡಿದಾಗಿದೆ. ಅದು ಒಣಗಬೇಕು, ಆಮೇಲೆ ಸುಟ್ಟು ಭತ್ತ ಬಿತ್ತಬೇಕು. ಒಣಗುವ ತನಕ ರೈತನಿಗೆ ಬಿಡುವು. ಆ ಬಿಡುವೇ ಹಬ್ಬ!

ಇಂಥ ಬಿಡುವಿನ ಹಬ್ಬ ನೋಡೋಕೆ ಈಶಾನ್ಯದವರೆಗೆ ಹೋಗಬೇಕಿಲ್ಲ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಕಡೆ ಫೆಬ್ರವರಿಯ ಎರಡನೇ ವಾರದಲ್ಲಿ ಹೋಗಿ. ಅದರ ಹೆಸರು ಕೆಡ್ಡಸ. ತುಳುವರ ಪೊನ್ನಿ ತಿಂಗಳ ಕೊನೆಗೆ, ಮೂರು ದಿನ. ಅಲ್ಲೂ ಘಟ್ಟದ ಬುಡದಲ್ಲಿ ಒಂದು ಕಾಲಕ್ಕೆ ಕಾಡು ಕಡಿದು, ಸುಟ್ಟು ಬಿತ್ತುವ ಕುಮೇರಿ ಬೇಸಾಯವಿತ್ತು. 19ನೇ ಶತಮಾನದಲ್ಲಿ ಬ್ರಿಟಿಷರು ನಿಲ್ಲಿಸಿದರು. ಕೆಡ್ಡಸ ಮಾತ್ರ ನಿಲ್ಲಲಿಲ್ಲ.

ವಿಷಯ ಏನಪ್ಪಾ ಅಂದ್ರೆ, ಈ ಮೂರು ದಿನ ಭೂಮಿತಾಯಿ ಮುಟ್ಟಾಗ್ತಾಳೆ. ಹೌದು, ಅಷ್ಟು ನೇರವಾಗಿಯೇ ಹೇಳ್ತಾರೆ. ಹಾಗಾಗಿ ನೇಗಿಲು ಹೂಡುವಂತಿಲ್ಲ, ನೆಲ ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಅಸ್ಸಾಮಿನ ಕಾಮಾಖ್ಯದ ಅಂಬುಬಾಚಿ, ಒಡಿಶಾದ ರಜ ಪರ್ವ ಇದೇ ನಂಬಿಕೆಯವು. ಆದ್ರೆ ಅವೆರಡೂ ಬರೋದು ಜೂನ್‌ನಲ್ಲಿ, ಮಳೆ ಶುರುವಾಗುವಾಗ.

ಕೊನೆಯ ದಿನ ಮನೆಯ ಹೆಂಗಸರು ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸಿ ಎಣ್ಣೆ, ಸೀಗೆ, ಅರಿಶಿನ, ಕುಂಕುಮ, ಕನ್ನಡಿ, ಬಾಚಣಿಗೆ ಇಡ್ತಾರೆ. ಗರಿಕೆಯಲ್ಲಿ ಎಣ್ಣೆ ಅದ್ದಿ ನೆಲಕ್ಕೆ ಬಿಡ್ತಾರೆ. ಮಂತ್ರವಿಲ್ಲ, ಪುರೋಹಿತರಿಲ್ಲ. ತವರಿಗೆ ಬಂದ ಮಗಳಿಗೆ ಎಣ್ಣೆಸ್ನಾನ ಮಾಡಿಸಿದ ಹಾಗೆ. ತಿನ್ನೋಕೆ ನನ್ಯರಿ: ಕುಚ್ಚಲಕ್ಕಿ ಹುರಿದು ಪುಡಿ ಮಾಡಿ, ಬೆಲ್ಲ, ತೆಂಗಿನಕಾಯಿ ಕಲಸಿದ್ದು. ಊಟಕ್ಕೆ ನುಗ್ಗೆ, ಬದನೆಯ ಪದಾರ್ಥ. ಹಿಂದೆ ಗಂಡಸರಿಗೆ ಕೆಡ್ಡಸದ ಬೇಟೆಯೂ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಕಾನೂನುಬಾಹಿರ. ಒಳ್ಳೆಯದೇ ಆಯ್ತು ಬಿಡಿ, ಭೂಮಿಗೆ ವಿಶ್ರಾಂತಿ ಅಂತ ಹೇಳಿ ಕಾಡುಹಂದಿಗೆ ಓಟ ಕಲಿಸೋದು ಯಾವ ನ್ಯಾಯ?

ಬಂಟ್ವಾಳದಿಂದ ಪುಂಜಾಲಕಟ್ಟೆ, ಗುರುವಾಯನಕೆರೆ ಹಾದು ಬೆಳ್ತಂಗಡಿಗೆ ಹೋದೆ. ದಾರಿಯುದ್ದಕ್ಕೂ ಅಡಿಕೆ, ಅಲ್ಲಲ್ಲಿ ರಬ್ಬರ್. ಗದ್ದೆ ಹುಡುಕಬೇಕು. ಏಣಿಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುತ್ತಿದ್ದ ಊರುಗಳಿವು. ಭತ್ತಕ್ಕೆ ನಡುವೆ ಬಿಡುವಿತ್ತು. ಅಡಿಕೆ ತೋಟಕ್ಕೆ ಫೆಬ್ರವರಿಯಲ್ಲಿ ನೀರು ಬಿಡಲೇಬೇಕು. ಒಂದು ಮನೆಯ ಅಂಗಳದಲ್ಲಿ ನನ್ಯರಿ ತಿನ್ನುತ್ತಿದ್ದಾಗ ಪಕ್ಕದ ಗುಡ್ಡದಲ್ಲಿ ಮಣ್ಣು ಬಗೆಯುವ ಸದ್ದು. ಮನೆಯ ಅಜ್ಜಿ ನಕ್ಕರು: “ನಾವು ಮೂರು ದಿನ ಹಾರೆ ಮುಟ್ಟುದಿಲ್ಲ ಮಾರಾಯ್ರೆ. ಜೆಸಿಬಿಗೆ ಕೆಡ್ಡಸ ಉಂಟಾ?”

ಕಾಲೇಜುಗಳಲ್ಲಿ ಈಗ ಕೆಡ್ಡಸ ವೇದಿಕೆ ಏರಿದೆ. ಭಾಷಣ, ತಿಂಡಿ, ಫೋಟೊ. ನನಗೆ ಬೇಸರವೇನಿಲ್ಲ. ಐಜ್ವಾಲ್‌ನಲ್ಲೂ ನಿಂತೇ ಹೋಗಿದ್ದ ಹಬ್ಬವನ್ನು ಕಳೆದ ಶತಮಾನದಲ್ಲಿ ಮತ್ತೆ ಎಬ್ಬಿಸಿದರು. ಆದ್ರೆ ತಿಂಡಿ ಉಳಿದು ಬಿಡುವು ಹೋದ್ರೆ, ಉಳಿದಿದ್ದು ಕೆಡ್ಡಸ ಹೌದಾ?

ಇನ್ನೊಂದು ಮಾತು, ಇದು ಸ್ವಲ್ಪ ಖಾರ. ಮುಟ್ಟಾದ ಭೂಮಿಗೆ ಎಣ್ಣೆ, ಬೆಲ್ಲ, ವಿಶ್ರಾಂತಿ. ಮುಟ್ಟಾದ ಮಗಳಿಗೆ? ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹೊರಗೆ ಕೂರು ಅಂತಾರೆ, ಕೂತಲ್ಲೇ ಕೆಲಸವನ್ನೂ ಹೇಳ್ತಾರೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸ್ಟುಡಿಯೊಗಳಲ್ಲಿ ದೊಡ್ಡ ಚರ್ಚೆ, ರಜೆ ಕೊಟ್ಟರೆ ಹೆಣ್ಣುಮಕ್ಕಳಿಗೆ ಕೆಲಸವೇ ಸಿಗಲ್ಲ ಅನ್ನುವ ವಾದ. ಸರಿ, ವಾದ ಮಾಡೋಣ. ಅಡಿಕೆ ಸುಲಿಯೋಕೆ ದಿನಗೂಲಿಗೆ ಬರುವ ಹೆಂಗಸಿಗೆ ರಜೆ ಅಂದ್ರೆ ಆ ದಿನದ ಕೂಲಿ ಇಲ್ಲ ಅಂತಲೇ ಅರ್ಥ. ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೆ ಕಟ್ಟಿದ ಸಾವಿರದ ಲೆಕ್ಕದಲ್ಲಿ ದುಡ್ಡು. ಕೈ ನಿಂತರೆ ಲೆಕ್ಕ ನಿಂತಿತು. ಅಂಥವರ 12 ದಿನಕ್ಕೆ ದುಡ್ಡು ಕೊಡೋರು ಯಾರು, ಅದನ್ನು ಕೇಳಿ.

ಕೆಡ್ಡಸ ನೋಡೋಕೆ ಹೋಗುವವರಿಗೆ ಒಂದು ಸೂಚನೆ. ಅಲ್ಲಿ ಟಿಕೆಟ್ ಇಲ್ಲ, ಗ್ಯಾಲರಿ ಇಲ್ಲ. ಅದು ಇನ್ನೊಬ್ಬರ ಮನೆಯಂಗಳ. ಪರಿಚಯದವರಿದ್ದರೆ ಮೊದಲೇ ಹೇಳಿ ಹೋಗಿ, ಕ್ಯಾಮೆರಾ ತೆಗೆಯುವ ಮುಂಚೆ ಮನೆಯ ಹೆಂಗಸರನ್ನು ಕೇಳಿ. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ನಿಮಗೆ ಸಿಗೋದು ನನ್ಯರಿ ಮಾತ್ರ.