ಘೋರ ಶೀತದ ತರುವಾಯ ಗೃಹತಾಪನದ ಪರೀಕ್ಷೆ: ಬ್ರಿಟನ್ನಿನ ಎರಡು ಚಳಿಗಾಲಗಳ ನಿದರ್ಶನ

ಶೀತದೇಶಗಳ ಸಾಮಾಜಿಕ ಚರಿತ್ರೆಯನ್ನು ಅಭ್ಯಾಸ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ವಿಷಯವು ಸುಲಭವಾಗಿ ಹೊಳೆಯುವುದಿಲ್ಲ. ಚಳಿಯು ಮನೆಗೆ ಮಾಡಿದ ಹಾನಿಯು ಬಹುಮಟ್ಟಿಗೆ ಗೋಚರಿಸುವುದು ಚಳಿಯಿರುವಾಗಲ್ಲ, ಅದು ಹಿಂಜರಿದ ಮೇಲೆ. ಆದಕಾರಣ ಕಠಿನವಾದ ಚಳಿಗಾಲವು ಕಳೆದೊಡನೆ ಗೃಹತಾಪನ ವ್ಯವಸ್ಥೆಯನ್ನು ಪರೀಕ್ಷಿಸುವುದು ಆ ದೇಶಗಳಲ್ಲಿ ಅವಶ್ಯಕವಾದ ಗೃಹಕೃತ್ಯವೆನಿಸಿದೆ. ಇದರ ಕಾರಣಗಳನ್ನು ಬ್ರಿಟನ್ನಿನ ಎರಡು ಚಳಿಗಾಲಗಳ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯದು 1962–63ರ ಚಳಿಗಾಲ. 1962ರ ಡಿಸೆಂಬರ್ ಅಂತ್ಯದಲ್ಲಿ ಬಿದ್ದ ಹಿಮವು 1963ರ ಮಾರ್ಚ್ ಮೊದಲ ವಾರದವರೆಗೂ ಪೂರ್ತಿಯಾಗಿ ಕರಗಲಿಲ್ಲ. ಮಧ್ಯ ಇಂಗ್ಲೆಂಡಿನ ಉಷ್ಣತಾ ದಾಖಲೆಯಂತೆ 1740ರ ತರುವಾಯ ಅಷ್ಟು ಶೀತಲವಾದ ಚಳಿಗಾಲವು ಬಂದಿರಲಿಲ್ಲ. ಜನವರಿ ತಿಂಗಳ ಸರಾಸರಿ ಉಷ್ಣತೆಯು ಸೊನ್ನೆಗಿಂತ 2.1 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಆಗ ಬಹುಪಾಲು ಮನೆಗಳಲ್ಲಿ ಕೇಂದ್ರತಾಪನವಿರಲಿಲ್ಲ. ಕಾಯುತ್ತಿದ್ದುದು ಒಲೆಯಿದ್ದ ಕೋಣೆ ಮಾತ್ರ. ನೀರಿನ ಕೊಳವೆಗಳು ಹೊರಗೋಡೆಯ ಪಕ್ಕದಲ್ಲಿಯೂ ಅಟ್ಟದಲ್ಲಿಯೂ ಹಾದುಹೋಗುತ್ತಿದ್ದುವು. ಅವು ಹೆಪ್ಪುಗಟ್ಟಿದುದರಿಂದ ಎಷ್ಟೋ ಬೀದಿಗಳ ಜನರು ಕೊಡ, ಬಕೆಟ್ಟುಗಳನ್ನು ಹಿಡಿದು ನೀರಿಗೆ ಹೊರಗೆ ಹೋಗಬೇಕಾಯಿತು.

ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರವು ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡವು ವಿಪರೀತವಾಗಿ ಏರಿ ಕೊಳವೆಯು ಸೀಳುತ್ತದೆ. ಆದರೆ ಆ ಸೀಳಿಗೆ ಮಂಜುಗಡ್ಡೆಯೇ ಬಿರಡೆಯಾಗಿರುವುದರಿಂದ ಹಾನಿಯು ಮರೆಯಾಗಿರುತ್ತದೆ. ಬಿಸಿಲು ಬಂದು ಗಡ್ಡೆಯು ಕರಗಿದೊಡನೆ ಮನೆಯೊಳಗೆ ನೀರು ಸುರಿಯತೊಡಗುತ್ತದೆ. ಆದ್ದರಿಂದ ಪರೀಕ್ಷೆಯ ಮೊದಲನೆಯ ಹೆಜ್ಜೆಯೆಂದರೆ ಮನೆಗೆ ನೀರು ಬರುವ ಮುಖ್ಯ ನಲ್ಲಿಯ ಸ್ಥಳವನ್ನು ಅರಿತಿದ್ದು, ಸಂಶಯ ಬಂದಾಗ ಅದನ್ನು ಮುಚ್ಚಿ, ಕೊಳವೆಗಳ ಕೀಲುಗಳನ್ನು ನೋಡುವುದು.

ಎರಡನೆಯದು 2010ರ ಡಿಸೆಂಬರ್. ಅಷ್ಟರಲ್ಲಿ ಕೇಂದ್ರತಾಪನವು ಸರ್ವಸಾಮಾನ್ಯವಾಗಿತ್ತು. ಇಂಧನದ ಮಿತವ್ಯಯಕ್ಕಾಗಿ 2005ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೊಸದಾಗಿ ಕೂಡಿಸುವ ಅನಿಲ ಬಾಯ್ಲರುಗಳು ಸಾಮಾನ್ಯವಾಗಿ ಕಂಡೆನ್ಸಿಂಗ್ ವರ್ಗದವಾಗಿರಬೇಕೆಂಬ ನಿಯಮವಿತ್ತು. ಇವು ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಗುಪ್ತೋಷ್ಣವನ್ನೂ ಉಪಯೋಗಿಸಿಕೊಳ್ಳುತ್ತವೆ; ಹೀಗೆ ಉಂಟಾದ ನೀರು ಸಣ್ಣ ಕೊಳವೆಯೊಂದರ ಮೂಲಕ ಹೊರಕ್ಕೆ ಹರಿಯುತ್ತದೆ. ಕೊಳವೆಯು ಗೋಡೆಯ ಹೊರಗಿದ್ದ ಅನೇಕ ಮನೆಗಳಲ್ಲಿ ಆ ನೀರು ಹೆಪ್ಪುಗಟ್ಟಿ, ಬಾಯ್ಲರು ತಾನಾಗಿಯೇ ನಿಂತುಹೋಯಿತು. ಉಷ್ಣವು ಅತ್ಯಗತ್ಯವಾಗಿದ್ದ ದಿನಗಳಲ್ಲಿಯೇ ಮನೆಯು ತಣ್ಣಗಾಯಿತು. ಇಂತಹ ಕೊಳವೆಯ ಮೇಲೆ ಬೆಚ್ಚಗಿನ ನೀರನ್ನು ಹೊಯ್ಯಬಹುದೇ ಹೊರತು ಕುದಿಯುವ ನೀರನ್ನಲ್ಲ. ಚಳಿ ಕಳೆದಮೇಲೆ ಅದಕ್ಕೆ ದಪ್ಪನಾದ ಹೊದಿಕೆಯನ್ನು ಸುತ್ತಿಸುವುದಾಗಲಿ, ಅಗಲವಾದ ಕೊಳವೆಯನ್ನು ಹಾಕಿಸುವುದಾಗಲಿ ವಿಹಿತ.

ಮಿಕ್ಕ ಪರೀಕ್ಷೆಯೂ ಕ್ರಮಬದ್ಧವಾದುದೇ. ಮುಚ್ಚಿದ ತಾಪನಜಾಲದಲ್ಲಿ ನೀರು ತಣ್ಣಗಿರುವಾಗ ಒತ್ತಡಮಾಪಕವು ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಿಸಬೇಕು. ನೀರು ತುಂಬಿದಮೇಲೂ ಅದು ಮತ್ತೆಮತ್ತೆ ಇಳಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯುಂಟೆಂದು ಊಹಿಸಬೇಕು. ರೇಡಿಯೇಟರಿನ ಮೇಲ್ಭಾಗವು ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಕೆಳಭಾಗವು ತಣ್ಣಗಿದ್ದರೆ ಕೆಸರು ಕಟ್ಟಿರುವ ಸಂಭವವಿದೆ.

ಎಲ್ಲಕ್ಕಿಂತಲೂ ಮಹತ್ತ್ವದ್ದು ಹೊಗೆಯ ದಾರಿ. ಹಿಮವು ಅದರ ಬಾಯಿಯನ್ನು ಮುಚ್ಚಿದ್ದರೆ, ಅಥವಾ ಬಿರುಗಾಳಿಯು ಅದನ್ನು ಕದಲಿಸಿದ್ದರೆ, ದಹನವು ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಉತ್ಪನ್ನವಾಗಬಹುದು. ಆ ಅನಿಲವು ಮನೆಯೊಳಕ್ಕೇ ಹಿಂದಿರುಗಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚುಪಟ್ಟು ಬಲವಾಗಿ ಕೂಡಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆಗಳು ಮನೆಯಲ್ಲಿದ್ದಾಗ ತೋರಿ, ಹೊರಗೆ ಹೋದಾಗ ಶಮನವಾಗುವುದಾದರೆ ಅದನ್ನು ನೆಗಡಿಯೆಂದು ಉಪೇಕ್ಷಿಸಲಾಗದು. ಒಡನೆಯೇ ಉಪಕರಣವನ್ನು ನಿಲ್ಲಿಸಿ, ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಬಂದು ವೈದ್ಯರ ನೆರವನ್ನು ಪಡೆಯತಕ್ಕದ್ದು. ಅನಿಲ ಉಪಕರಣವನ್ನು ಬಿಚ್ಚಿ ನೋಡುವ ಕೆಲಸವು ಮನೆಯವರದಲ್ಲ. ಬ್ರಿಟನ್ನಿನಲ್ಲಿ ಅದು ಗ್ಯಾಸ್ ಸೇಫ್ ಪಟ್ಟಿಯಲ್ಲಿ ನೋಂದಾಯಿತರಾದವರಿಗೆ ಮಾತ್ರ ಸಲ್ಲುತ್ತದೆ. ಬಾಡಿಗೆಮನೆಗಳಲ್ಲಿ ತನ್ನ ಅನಿಲ ಉಪಕರಣಗಳನ್ನು ಪ್ರತಿವರ್ಷವೂ ಪರೀಕ್ಷೆ ಮಾಡಿಸುವುದು ಮನೆಯೊಡೆಯನ ಶಾಸನಬದ್ಧ ಕರ್ತವ್ಯ. ಅಲ್ಲಿಗೆ ವ್ಯಾಸಂಗಕ್ಕೆ ತೆರಳುವ ನಮ್ಮ ವಿದ್ಯಾರ್ಥಿಗಳು ಆ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ಯುಕ್ತ.

ನಮ್ಮ ನಾಡಿನಲ್ಲಿ ಹಿಮಪಾತವಿಲ್ಲವೆಂದು ಈ ವಿಷಯವನ್ನು ದೂರವಿಡುವಂತಿಲ್ಲ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರನ್ನು ಉರಿಸಿ ಪ್ರಾಣ ಕಳೆದುಕೊಂಡವರು ಕರ್ನಾಟಕದಲ್ಲಿಯೂ ಇದ್ದಾರೆ. ವಿಷವು ಅದೇ, ಕಾರಣವೂ ಅದೇ. 1963ರಲ್ಲಿ ನೀರಿನ ಕೊಳವೆ, 2010ರಲ್ಲಿ ಬಾಯ್ಲರಿನ ಕೊಳವೆ: ಪ್ರತಿಯೊಂದು ಸೌಕರ್ಯವೂ ತನ್ನದೇ ಆದ ದುರ್ಬಲ ಸ್ಥಾನವನ್ನು ಜೊತೆಯಲ್ಲಿಯೇ ತರುತ್ತದೆ. ಆ ಸ್ಥಾನವನ್ನು ವಿಪತ್ತಿಗೆ ಮುಂಚೆಯೇ ಗುರುತಿಸಿಕೊಳ್ಳುವುದು ಮನೆಯೊಡೆಯನಿಗೆ ಎಷ್ಟು ಅಗತ್ಯವೋ, ಸಮಾಜದ ಚರಿತ್ರೆಯನ್ನು ಬರೆಯುವವನಿಗೂ ಅಷ್ಟೇ ಅಗತ್ಯ.