ತತ್ತಿ ಒಡೆಯುವ ಹೊತ್ತು ಮರಿಗೆ ತಿಳಿಯುವುದು ಹೇಗೆ?

ಮಕ್ಕಳೇ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಜವಾರಿ ಕೋಳಿ ಕಾವಿಗೆ ಕುಳಿತಿರುವುದನ್ನು ನೀವು ನೋಡಿರಬಹುದು. ಸುಮಾರು 21 ದಿನಕ್ಕೆ ಮರಿಗಳು ಹೊರಬರುತ್ತವೆ. ತತ್ತಿಯೊಳಗೆ ಗಡಿಯಾರವಿಲ್ಲ. ಹಾಗಾದರೆ ಹೊತ್ತು ಬಂತೆಂದು ಮರಿಗೆ ಹೇಳುವವರು ಯಾರು?

ಹಾರ್ಮೋನುಗಳು! ಗ್ರಂಥಿಗಳಲ್ಲಿ ತಯಾರಾಗಿ, ರಕ್ತದ ಮೂಲಕ ಸಂದೇಶ ಒಯ್ಯುವ ರಾಸಾಯನಿಕಗಳಿವು. ಮರಿಯ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯು ಹಳದಿಯಲ್ಲಿರುವ ಅಯೋಡಿನ್ ಬಳಸಿ ಟಿ-4 ಎಂಬ ಹಾರ್ಮೋನು ತಯಾರಿಸುತ್ತದೆ. ಇದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ. ಹೊರಭಾಗದ ಒಂದನ್ನು ಕಳಚಿದರೆ ಅದು ಟಿ-3 ಆಗುತ್ತದೆ. ಟಿ-3 ಹೆಚ್ಚು ಚುರುಕು.

ಆದರೆ ಮರಿಯ ಯಕೃತ್ತಿನಲ್ಲಿ ಒಂದು ಕಿಣ್ವವಿದೆ. ಅದು ಟಿ-3ಯನ್ನು ನಿಷ್ಕ್ರಿಯಗೊಳಿಸುತ್ತಲೇ ಇರುತ್ತದೆ. ಆದ್ದರಿಂದ ಕಾವಿನ ಹೆಚ್ಚಿನ ದಿನಗಳಲ್ಲಿ ರಕ್ತದಲ್ಲಿ ಟಿ-3 ಕಡಿಮೆ.

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಇದೆಯಲ್ಲವೇ? ಗೇಟು ತೆರೆದಿದ್ದರೆ ನೀರು ಹರಿದುಹೋಗುತ್ತದೆ. ಗೇಟು ಮುಚ್ಚಿದರೆ ಒಳಹರಿವು ಹೆಚ್ಚದಿದ್ದರೂ ನೀರಿನ ಮಟ್ಟ ಏರುತ್ತದೆ. ಮರಿಯಲ್ಲೂ ಹೀಗೆಯೇ. ಕೊನೆಯ ದಿನಗಳಲ್ಲಿ ಪಿಟ್ಯುಟರಿ ಗ್ರಂಥಿಯ ಬೆಳವಣಿಗೆಯ ಹಾರ್ಮೋನು ಮತ್ತು ಅಡ್ರಿನಲ್ ಗ್ರಂಥಿಯ ಕಾರ್ಟಿಕೋಸ್ಟಿರೋನ್ ಸೇರಿ ಆ ಕಿಣ್ವವನ್ನು ತಗ್ಗಿಸುತ್ತವೆ. ಟಿ-3 ಸರ್ರನೆ ಏರುತ್ತದೆ. ಬೆಲ್ಜಿಯಂ ದೇಶದ ವಿಜ್ಞಾನಿಗಳು ತತ್ತಿಯೊಳಗಿನ ಮರಿಗಳಿಗೆ ಬೆಳವಣಿಗೆಯ ಹಾರ್ಮೋನು ಚುಚ್ಚಿ ಇದನ್ನು ಕಂಡುಕೊಂಡರು, 1992ರಲ್ಲಿ ಪ್ರಕಟಿಸಿದರು.

ಟಿ-3 ಏರಿದಾಗ ಮರಿ ಹೊರಜಗತ್ತಿಗೆ ಸಿದ್ಧವಾಗುತ್ತದೆ. ಶ್ವಾಸಕೋಶ ಪಕ್ವವಾಗುತ್ತದೆ. ಉಳಿದ ಹಳದಿ ಹೊಟ್ಟೆಯೊಳಗೆ ಸೇರುತ್ತದೆ. ಮೈಯಲ್ಲಿ ಶಾಖ ಹುಟ್ಟಿಸುವ ಶಕ್ತಿ ಬರುತ್ತದೆ. 20ನೇ ದಿನದ ಸುಮಾರಿಗೆ ಮರಿ ತತ್ತಿಯ ದಪ್ಪ ತುದಿಯಲ್ಲಿರುವ ಗಾಳಿಯ ಕೋಣೆಗೆ ಕೊಕ್ಕು ತೂರಿಸಿ ಮೊದಲ ಉಸಿರು ಎಳೆಯುತ್ತದೆ. ಆಮೇಲೆ ಚಿಪ್ಪನ್ನು ಕುಟ್ಟಿ ಬಿರುಕು ಮಾಡುತ್ತದೆ.

ಬಿರುಕು ಕಂಡೊಡನೆ "ಪಾಪ, ಮರಿಗೆ ಕಷ್ಟ" ಎಂದು ನಾವು ಚಿಪ್ಪು ಬಿಡಿಸಲು ಹೋಗುತ್ತೇವೆ. ಹಾಗೆ ಮಾಡಬೇಡಿ! ಒಳಪೊರೆಯ ರಕ್ತನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರಬಹುದು, ಹಳದಿ ಪೂರ್ತಿ ಒಳಸೇರಿರಲಿಕ್ಕಿಲ್ಲ. ಆತುರದ ಸಹಾಯದಿಂದ ಮರಿ ಸಾಯಬಹುದು. ಬಿರುಕು ಬಿಟ್ಟ ಮೇಲೂ ಹೊರಬರಲು ಹಲವು ಗಂಟೆ ಬೇಕು.

ಮಾಡಿ ನೋಡಿ: ಮನೆಯಲ್ಲೋ ನೆರೆಮನೆಯಲ್ಲೋ ಕೋಳಿ ಕಾವಿಗೆ ಕುಳಿತ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ತತ್ತಿ ಮುಟ್ಟದೆ ದೂರದಿಂದಲೇ ನೋಡಿ. ಮೊದಲ ಬಿರುಕು ಕಂಡದ್ದು ಯಾವಾಗ? ಮರಿ ಹೊರಬಂದದ್ದು ಯಾವಾಗ? ನಡುವೆ ಎಷ್ಟು ಗಂಟೆ? ಬರೆದು ನಿಮ್ಮ ಗುರುಗಳಿಗೆ ತೋರಿಸಿ.